ಕಥೋಲಿಕ ಕಾದಂಬರಿ: ಉನ್‌ಸೆಟ್‌ರಿಂದ ಫೊಸ್ಸೆವರೆಗೆ

2023ರ ಅಕ್ಟೋಬರ್ 5ರಂದು ಯೂನ್ ಫೊಸ್ಸೆ ಅವರಿಗೆ ಸಾಹಿತ್ಯದ ನೊಬೆಲ್ ಘೋಷಣೆಯಾಯಿತು. ನಾರ್ವೆಯ ಲೇಖಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು 95 ವರ್ಷಗಳ ನಂತರ. ಹಿಂದಿನ ಸಲ, 1928ರಲ್ಲಿ, ಅದನ್ನು ಪಡೆದವರು ಸಿಗ್ರಿಡ್ ಉನ್‌ಸೆಟ್. ಲೂಥರನ್ ಸಂಪ್ರದಾಯ ಶತಮಾನಗಳಿಂದ ಬೇರೂರಿರುವ ಆ ದೇಶದಲ್ಲಿ ಕಥೋಲಿಕರದು ಚಿಕ್ಕ ಸಮುದಾಯ. ಆದರೂ ಒಬ್ಬರ ಹಿಂದೊಬ್ಬರು ಬಂದ ಈ ಇಬ್ಬರು ನೊಬೆಲ್ ಲೇಖಕರೂ ವಯಸ್ಕರಾದ ಮೇಲೆ, ತಾವಾಗಿಯೇ ಕಥೋಲಿಕ ಧರ್ಮಸಭೆಯನ್ನು ಸೇರಿದವರು. ಉನ್‌ಸೆಟ್ 42ನೇ ವಯಸ್ಸಿನಲ್ಲಿ, 1924ರಲ್ಲಿ ಸೇರಿದರು. ಫೊಸ್ಸೆ ಐವತ್ತು ದಾಟಿದ ಮೇಲೆ.

ಪ್ರಶಸ್ತಿ ಸಮಿತಿ ತನ್ನ ಪ್ರಶಸ್ತಿವಾಕ್ಯದಲ್ಲಿ ಎರಡು ಸಲವೂ ನಂಬಿಕೆಯ ಮಾತು ಎತ್ತಲಿಲ್ಲ. ಉನ್‌ಸೆಟ್ ಅವರಲ್ಲಿ ಅದು ಮೆಚ್ಚಿದ್ದು ಮಧ್ಯಯುಗದ ಉತ್ತರದೇಶದ ಬದುಕಿನ ಚಿತ್ರಣವನ್ನು; ಫೊಸ್ಸೆ ಅವರಲ್ಲಿ, ಮಾತಿಗೆ ಸಿಗದ್ದಕ್ಕೆ ದನಿ ಕೊಡುವ ನಾಟಕ ಮತ್ತು ಗದ್ಯವನ್ನು. 1952ರಲ್ಲಿ ಫ್ರೆಂಚ್ ಕಾದಂಬರಿಕಾರ ಫ್ರಾನ್ಸ್ವಾ ಮೊರಿಯಾಕ್ ಅವರಿಗೆ ಕೊಟ್ಟಾಗ ಆಧ್ಯಾತ್ಮಿಕ ಒಳನೋಟವನ್ನು ಹೆಸರಿಸಿಯೇ ಹೊಗಳಿದ್ದ ಸಮಿತಿ ಇದು. ಸಮಿತಿ ಏನನ್ನು ಹೇಳಬೇಕು, ಬಿಡಬೇಕು ಎಂಬುದು ಅದರ ಇಷ್ಟ. ವಿಮರ್ಶೆಯೂ ಅದೇ ದಾರಿ ಹಿಡಿದು, ನಂಬಿಕೆ ಲೇಖಕರ ಖಾಸಗಿ ಸಂಗತಿ ಎಂದು ಬದಿಗಿಟ್ಟರೆ ಮಾತ್ರ ನಷ್ಟ ನಮಗೆ. ಈ ಕಾದಂಬರಿಗಳು ಯಾಕೆ ಹೀಗೆ ಮೈದಾಳಿವೆ ಎಂಬುದೇ ಆಗ ಕೈತಪ್ಪುತ್ತದೆ.

ಕಥೋಲಿಕ ಕಾದಂಬರಿಯ ಮೇಲಿನ ಹಳೆಯ ಆಕ್ಷೇಪ ಗಟ್ಟಿಯಾದದ್ದು. ಪಾಪ ಯಾವುದು, ಕ್ಷಮೆ ಎಲ್ಲಿಂದ ಬರಬೇಕು ಎಂದು ಮೊದಲೇ ಗೊತ್ತಿದ್ದವರು ಪಾತ್ರಗಳನ್ನು ಅವುಗಳ ಪಾಡಿಗೆ ಬಿಟ್ಟಾರೆಯೇ? 1939ರಲ್ಲಿ ತತ್ವಜ್ಞಾನಿ ಸಾರ್ತ್ರ್ ಮೊರಿಯಾಕ್ ಮೇಲೆ ಹೊರಿಸಿದ್ದು ಇದೇ ಆರೋಪವನ್ನು. ಪಾತ್ರದ ಒಳಗನ್ನೂ ಹೊರಗನ್ನೂ ಒಟ್ಟಿಗೇ ಬಲ್ಲ ದೇವರ ಪೀಠದಲ್ಲಿ ಈ ಕಾದಂಬರಿಕಾರ ಕೂತಿದ್ದಾನೆ, ಅಲ್ಲಿ ಕೂತವನಿಗೆ ಕಲೆ ಒಲಿಯದು ಎಂಬುದು ಅವರ ವಾದ. ಅವರು ಎದುರಿಗಿಟ್ಟುಕೊಂಡಿದ್ದ 1935ರ ‘ರಾತ್ರಿಯ ಅಂತ್ಯ’ದ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಅದೇ ನಾಯಕಿ ಮೊದಲು ಬಂದ 1927ರ ‘ತೆರೇಸ್ ದೆಸ್ಕೆರೂ’ ಈ ಆರೋಪಕ್ಕೆ ಸಿಕ್ಕುವ ಕೃತಿಯಲ್ಲ. ಈ ಪರಂಪರೆಯನ್ನು ಅಳೆಯಲು ನಾನು ಹಿಡಿಯುವ ಅಳತೆಗೋಲೂ ಅದೇ.

ಬೋರ್ಡೋ ಸೀಮೆಯ ಪೈನ್ ಕಾಡುಗಳ ನಡುವೆ ಉರಿಬಿಸಿಲ ಒಂದು ದಿನ. ದೂರದಲ್ಲಿ ಕಾಡಿಗೆ ಬೆಂಕಿ ಬಿದ್ದ ಸುದ್ದಿ. ತೆರೇಸಳ ಗಂಡ ಬೆರ್ನಾರ್ ಆ ಗಾಬರಿಯಲ್ಲಿ ತನ್ನ ಆರ್ಸೆನಿಕ್ ಔಷಧಿಯ ಹನಿಗಳನ್ನು ಹಾಕಿಕೊಂಡು ಕುಡಿಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ಹಾಕಿಕೊಂಡೆನಾ ಇಲ್ಲವಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಇನ್ನೊಮ್ಮೆ ಹಾಕಿಕೊಳ್ಳುತ್ತಾನೆ. ತೆರೇಸ್ ನೋಡುತ್ತಾ ಕೂತಿದ್ದಾಳೆ. ಬಾಯಿ ಬಿಡುವುದಿಲ್ಲ. ದ್ವೇಷದಿಂದಲ್ಲ, ಸಂಚಿನಿಂದಲ್ಲ, ಬಹುಶಃ ಬರೀ ದಣಿವಿನಿಂದ. ಆಮೇಲೆ ಬರುವ ವಿಷಪ್ರಾಶನ, ಕಳ್ಳ ಔಷಧಿ ಚೀಟಿ, ಮನೆತನದ ಮಾನ ಉಳಿಸಲು ಗಂಡನೇ ಹೇಳುವ ಸುಳ್ಳು ಸಾಕ್ಷಿ, ಎಲ್ಲವೂ ಆ ಒಂದು ಕ್ಷಣದ ಸುಮ್ಮನಿರುವಿಕೆಯಿಂದ ಹುಟ್ಟುತ್ತವೆ. ಪಾಪ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಮೊರಿಯಾಕ್ ಒಪ್ಪುವುದಿಲ್ಲ. ನಂಬಿಕೆಯಿಲ್ಲದ ಲೇಖಕನೊಬ್ಬ ಇದನ್ನು ಮನಃಶಾಸ್ತ್ರಕ್ಕೆ ಒಪ್ಪಿಸಿ ಮುಗಿಸಬಹುದಿತ್ತು. ಪಾಪ ಎಂಬುದು ನಿಜವಾಗಿಯೂ ಇದೆ ಎಂದು ನಂಬಿದವರಿಗೆ ಮಾತ್ರ ಅದರ ಮೂಲ ಸಿಗದಿರುವುದು ಇಷ್ಟು ದಿಗಿಲು ಹುಟ್ಟಿಸಬಲ್ಲದು.

ತೆರೇಸಳನ್ನು ದೇವರ ಬಳಿ ಸೇರಿಸುವ ಆಸೆ ಮೊರಿಯಾಕ್ ಅವರಿಗೆ ಇತ್ತು. ಅಂಥ ಸಾಂತ್ವನದ ಪುಟಗಳನ್ನು ಬರೆದೂ ಇದ್ದರು. ಆದರೆ ಅವಳ ಪಾಪನಿವೇದನೆಯನ್ನು ಕೇಳಬಲ್ಲ ಪಾದ್ರಿ ಯಾರೆಂದು ತನಗೆ ಕಾಣಲಿಲ್ಲವಾದ್ದರಿಂದ ಅವನ್ನು ಹರಿದುಹಾಕಿದೆ ಎಂದು ‘ರಾತ್ರಿಯ ಅಂತ್ಯ’ದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಬದುಕಿಡೀ ಬಲಿಪೂಜೆಗೆ ಹೋದ, ಪಾಪನಿವೇದನೆಯ ಸಂಸ್ಕಾರವನ್ನು ಮನಸಾರೆ ನಂಬಿದ ಮನುಷ್ಯ ತನ್ನ ಪಾತ್ರಕ್ಕೆ ಅದನ್ನು ಕೊಡಿಸಲಾರದೆ ಹೋದದ್ದು ಸಣ್ಣ ಸಂಗತಿಯಲ್ಲ. ಈ ಪರಂಪರೆಯ ನಿಜವಾದ ಶಿಸ್ತು ಇರುವುದು ಅಲ್ಲಿ: ತಾನು ನಂಬಿದ ಬಿಡುಗಡೆಯನ್ನು ಪಾತ್ರದ ತಲೆಗೆ ಕಟ್ಟದಿರುವುದರಲ್ಲಿ.

ಉನ್‌ಸೆಟ್‌ರ ‘ಕ್ರಿಸ್ತಿನ್ ಲಾವ್ರಾನ್ಸ್‌ದಾತರ್’ನ ಮೂರು ಸಂಪುಟಗಳು ಬಂದದ್ದು 1920–22ರಲ್ಲಿ, ಅಂದರೆ ಅವರು ಧರ್ಮಸಭೆ ಸೇರುವ ಮೊದಲೇ. ಮಹಾಮಾರಿ ಪ್ಲೇಗಿನಲ್ಲಿ ಸಾಯುತ್ತಿರುವ ಕ್ರಿಸ್ತಿನ್, ದಿಕ್ಕಿಲ್ಲದೆ ಸತ್ತ ಬಡ ಹೆಂಗಸೊಬ್ಬಳ ಆತ್ಮಕ್ಕಾಗಿ ಬಲಿಪೂಜೆ ಮಾಡಿಸಲು ತನ್ನ ಮದುವೆಯ ಉಂಗುರವನ್ನು ಬಿಚ್ಚಿ ಕೊಡುತ್ತಾಳೆ. ಬೆರಳಿನಲ್ಲಿ ಉಂಗುರದ ಗುರುತು ಉಳಿದಿದೆ. ಅದರಲ್ಲಿ ಮರಿಯಮ್ಮನವರ ಹೆಸರಿನ ಮೊದಲ ಅಕ್ಷರದ ಅಚ್ಚು. ಹಟದಿಂದ ಮಾಡಿಕೊಂಡ ಮದುವೆ, ಸಾವಿರಾರು ಪುಟಗಳ ಜಗಳ, ಹಡೆದ ಮಕ್ಕಳು, ಕಳೆದುಕೊಂಡವರು, ಎಲ್ಲವೂ ಆ ಅಚ್ಚಿನಲ್ಲಿದೆ. ಉನ್‌ಸೆಟ್ ಅಲ್ಲೂ ಅವಳ ಬದುಕಿಗೆ ಅಂಕ ಹಾಕುವುದಿಲ್ಲ.

ಇದೇ ಪರಂಪರೆಯ ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್, ಜಪಾನಿನ ಶುಸಾಕು ಎಂದೊ ಇಬ್ಬರಿಗೂ ನೊಬೆಲ್ ಬರಲಿಲ್ಲ. ಗ್ರೀನ್‌ರ 1940ರ ‘ದಿ ಪವರ್ ಅಂಡ್ ದಿ ಗ್ಲೋರಿ’ಯ ಕುಡುಕ ಪಾದ್ರಿಯ ಬಗ್ಗೆ 1953ರಲ್ಲಿ ವ್ಯಾಟಿಕನ್ನೇ ಆಕ್ಷೇಪ ಎತ್ತಿತ್ತು; ಎಂದೊ ಅವರ 1966ರ ‘ಸೈಲೆನ್ಸ್’, ಕ್ರಿಸ್ತನ ಚಿತ್ರವನ್ನು ತುಳಿಯುವ ಪಾದ್ರಿಯ ಕಥೆ. ತೀರ್ಪು ಬೇಕೆಂದು ಹಟ ಹಿಡಿಯುವವರು ಧರ್ಮಸಭೆಯ ಒಳಗೂ ಇದ್ದರು. ಇನ್ನೊಂದು ಹೆಸರನ್ನು ಕಥೋಲಿಕ ಕಾದಂಬರಿಕಾರರ ಪಟ್ಟಿಯಲ್ಲಿ ನಾವು ಮರೆತೇಬಿಡುತ್ತೇವೆ: 1993ರಲ್ಲಿ ನೊಬೆಲ್ ಪಡೆದ ಟೋನಿ ಮಾರಿಸನ್. ಹನ್ನೆರಡನೇ ವಯಸ್ಸಿನಲ್ಲಿ ಕಥೋಲಿಕರಾದ ಅವರ ‘ಟೋನಿ’ ಎಂಬ ಹೆಸರು ಬಂದದ್ದು ಸಂತ ಅಂತೋನಿಯವರಿಂದ.

ಫೊಸ್ಸೆ ಈ ಪರಂಪರೆಗೆ ಏನು ಸೇರಿಸಿದರು? 2019ರಿಂದ 2021ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ಸೆಪ್ಟಾಲಜಿ’ಯಲ್ಲಿ ಏಳು ಭಾಗಗಳಿವೆ, ಒಂದೇ ಒಂದು ಪೂರ್ಣವಿರಾಮವಿಲ್ಲ. ಹೆಂಡತಿಯನ್ನು ಕಳೆದುಕೊಂಡ ಆಸ್ಲೆ ಎಂಬ ಮುದಿ ಚಿತ್ರಕಾರ ಕಡಲಂಚಿನ ಒಂಟಿ ಮನೆಯಲ್ಲಿದ್ದಾನೆ. ಅದೇ ಹೆಸರಿನ ಇನ್ನೊಬ್ಬ ಚಿತ್ರಕಾರ, ಕುಡಿದು ಹಾಳಾದವನು, ಪಟ್ಟಣದಲ್ಲಿದ್ದಾನೆ. ಪ್ರತಿ ಭಾಗ ಶುರುವಾಗುವಾಗಲೂ ಮೊದಲ ಆಸ್ಲೆ ಒಂದೇ ಚಿತ್ರದ ಮುಂದೆ ನಿಂತಿರುತ್ತಾನೆ: ಒಂದನ್ನೊಂದು ಅಡ್ಡ ಹಾಯುವ ಎರಡು ಗೆರೆ, ಒಂದು ಕಂದು, ಒಂದು ನೇರಳೆ. ಜಪಸರದ ಮಣಿ ಹಿಡಿದು, ಉಸಿರು ಎಳೆದುಕೊಂಡು ಬಿಡುತ್ತಾ ಹೇಳುವ ಪ್ರಾರ್ಥನೆಯಲ್ಲಿ ಭಾಗಗಳು ಮುಗಿಯುತ್ತವೆ. ಕೊನೆಯ ಭಾಗವಂತೂ ‘ನಮೋ ಮರಿಯಾ’ದ ನಡುವಿನಲ್ಲೇ ನಿಂತುಬಿಡುತ್ತದೆ.

ಇಲ್ಲಿ ಪಾಪದ ನಾಟಕವಿಲ್ಲ. ಹಿಮದಲ್ಲಿ ಬಿದ್ದಿದ್ದ ಹೆಸರುಸಖನನ್ನು ಆಸ್ಲೆ ಎತ್ತಿಕೊಂಡು ಹೋಗುತ್ತಾನೆ, ಬುದ್ಧಿ ಹೇಳುವುದಿಲ್ಲ. ಒಬ್ಬ ಕುಡಿತ ಬಿಟ್ಟವನು, ಒಬ್ಬ ಬಿಡಲಾರದವನು; ಇಬ್ಬರೂ ಒಬ್ಬನೇ ಇರಬಹುದು. ಪುಣ್ಯವಂತ ಯಾರು, ಕೆಟ್ಟವನು ಯಾರು ಎಂದು ಬೇರ್ಪಡಿಸಲು ಕಥೆಯಲ್ಲಿ ಜಾಗವೇ ಇಲ್ಲದಂತೆ ಫೊಸ್ಸೆ ಬರೆದಿದ್ದಾರೆ. ಮೊರಿಯಾಕ್ ಪುಟ ಹರಿದು ಸಾಧಿಸಿದ್ದನ್ನು ಇವರು ವಾಕ್ಯದಲ್ಲೇ ಸಾಧಿಸಿದ್ದಾರೆ: ಮುಗಿಯದ ವಾಕ್ಯ ತೀರ್ಪು ಕೊಡಲಾರದು. ಸಾರ್ತ್ರ್ ಎತ್ತಿದ ಆಕ್ಷೇಪಕ್ಕೆ ನಾನು ಕಂಡ ಪೂರ್ಣ ಉತ್ತರ ಇದೇ.

ಆದರೆ ಕಳೆದುಕೊಂಡದ್ದೂ ಇದೆ, ಅದು ದೊಡ್ಡದು. ಹೈನ್ರಿಶ್ ಬೋಲ್ 1972ರಲ್ಲಿ ನೊಬೆಲ್ ಪಡೆದವರು. ಅವರ 1963ರ ‘ದಿ ಕ್ಲೌನ್’ನಲ್ಲಿ ವಿದೂಷಕ ಹಾನ್ಸ್ ಶ್ನೀರ್ ತನ್ನನ್ನು ಬಿಟ್ಟುಹೋದ ಪ್ರೇಯಸಿ ಮರೀಗಾಗಿ ಬಾನ್ ನಗರದ ಗಣ್ಯ ಕಥೋಲಿಕರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡುತ್ತಾನೆ. ಯುದ್ಧಾನಂತರದ ಜರ್ಮನಿಯಲ್ಲಿ ಧರ್ಮ, ಹಣ, ಅಧಿಕಾರ ಹೇಗೆ ಒಂದೇ ಮೇಜಿಗೆ ಕೂತಿದ್ದವು ಎಂಬುದು ಆ ಫೋನ್ ತಂತಿಯಲ್ಲೇ ಕೇಳಿಸುತ್ತದೆ. 1976ರಲ್ಲಿ ಬೋಲ್ ಧರ್ಮಸಭೆಯೆಂಬ ಸಂಸ್ಥೆಯನ್ನು ಬಿಟ್ಟರು, ನಂಬಿಕೆಯನ್ನು ಬಿಡಲಿಲ್ಲ. ಫೊಸ್ಸೆ ಅವರಲ್ಲಿ ಈ ಸಿಟ್ಟಿಗೆ ಜಾಗವಿಲ್ಲ. ಅವರ ಧರ್ಮಸಭೆ ಯಾರಿಗೂ ನೋವು ಮಾಡಿದ್ದಿಲ್ಲ, ಯಾರನ್ನೂ ಹೊರಗಿಟ್ಟಿದ್ದಿಲ್ಲ. ಒಬ್ಬ ಮನುಷ್ಯ, ಒಂದು ಜಪಸರ, ಹೊರಗೆ ಕಡಲು, ಅಷ್ಟೇ.

ಕನ್ನಡದ ಓದುಗರಿಗೆ ಈ ಕೊರತೆ ಬೇಗ ತಟ್ಟುತ್ತದೆ. ನಮ್ಮಲ್ಲಿ ಕಥೋಲಿಕ ಬದುಕನ್ನು ಕಾದಂಬರಿಗೆ ತಂದ ನಾ. ಡಿಸೋಜ, 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಅದನ್ನು ಇಗರ್ಜಿಯ ಸುತ್ತಲಿನ ಮನೆಗಳ ನಡುವೆ ಇಟ್ಟು ನೋಡಿದವರು. ಶರಾವತಿಯಲ್ಲಿ ಮುಳುಗಿದ ಊರುಗಳ ಸಂಕಟವನ್ನು ಬರೆದ ಕೈಯೇ ಅದನ್ನೂ ಬರೆಯಿತು. ಅವರ ಗದ್ಯಕ್ಕೆ ಫೊಸ್ಸೆಯ ಆಳದ ಲಯವಿಲ್ಲ, ನಿಜ. ಆದರೆ ಅಲ್ಲಿ ದೇವರ ಜೊತೆಗೆ ನೆರೆಯವರೂ ಇದ್ದಾರೆ.

‘ಸೆಪ್ಟಾಲಜಿ’ಯಲ್ಲೂ ಒಬ್ಬ ನೆರೆಯವನಿದ್ದಾನೆ. ಮೀನುಗಾರ ಓಸ್ಲೈಕ್ ಆಸ್ಲೆಯ ಮನೆಯ ದಾರಿಯ ಹಿಮ ತೆಗೆದುಕೊಡುತ್ತಾನೆ, ಸೌದೆ ತರುತ್ತಾನೆ, ಮಾಂಸ ತರುತ್ತಾನೆ. ಬದಲಿಗೆ ಪ್ರತಿ ಕ್ರಿಸ್‌ಮಸ್‌ಗೆ ಸೋದರಿಗೆ ಕೊಡಲು ಒಂದು ಚಿತ್ರ ಆರಿಸಿಕೊಳ್ಳುತ್ತಾನೆ. ಹೇಳಿದ್ದನ್ನೇ ಹೇಳುವ, ಕೇಳಿದ್ದನ್ನೇ ಕೇಳುವ ಅವನು ಬಂದಾಗೆಲ್ಲ ಕಾದಂಬರಿಗೆ ಮೈ ಬರುತ್ತದೆ. ಆ ಸೌದೆ ಮತ್ತು ಚಿತ್ರಗಳ ಕೊಡುಕೊಳ್ಳುವಿಕೆಗೆ ಫೊಸ್ಸೆ ಇನ್ನಷ್ಟು ಪುಟ ಕೊಟ್ಟಿದ್ದರೆ, ಈ ಕೃತಿಯನ್ನು ‘ತೆರೇಸ್ ದೆಸ್ಕೆರೂ’ಗಿಂತ ಮೇಲಿಡಲು ನಾನು ಹಿಂದೆಮುಂದೆ ನೋಡುತ್ತಿರಲಿಲ್ಲ.