ಸ್ವಿಚ್ ಒತ್ತಿದರೂ ಏಳದ ಹಳೆಯ ಡೆಸ್ಕ್‌ಟಾಪ್

ಪಂಚಲಿಂಗೇಶ್ವರ ಗುಡಿಯಿಂದ ಹೆಸರಾದ ಹೂಲಿಯಲ್ಲಾಗಲಿ, ಅದರ ತಾಲ್ಲೂಕು ಕೇಂದ್ರವಾದ ಸವದತ್ತಿಯಲ್ಲಾಗಲಿ, ಬೈಲಹೊಂಗಲ, ರಾಮದುರ್ಗಗಳ ಪೇಟೆಗಳಲ್ಲಾಗಲಿ, ಹದಿನೈದು ಇಪ್ಪತ್ತು ವರ್ಷದ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಗುಜರಿಗೆ ಹಾಕದೆ ಇಟ್ಟುಕೊಂಡವರಿಗೆ ಸಕಾರಣವೊಂದು ಇರಬಹುದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ ಮೊದಲಾದವನ್ನು ಆ ಕಾಲದಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲೋ ‘ಬರಹ’ ತಂತ್ರಾಂಶದಲ್ಲೋ ಬೆರಳಚ್ಚು ಮಾಡಲಾಗುತ್ತಿತ್ತು. ಅವುಗಳ ಹಳೆಯ ಫಾಂಟುಗಳು ಯೂನಿಕೋಡ್ ಕ್ರಮವನ್ನು ಅನುಸರಿಸದೆ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದರಿಂದ, ಅದೇ ಫಾಂಟು ಇಲ್ಲದ ಬೇರೆ ಯಂತ್ರದಲ್ಲಿ ಆ ಕಡತಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಹೀಗಾಗಿ ಹಳೆಯ ಯಂತ್ರವನ್ನು ಕೊನೆಯ ಪಕ್ಷ ಒಮ್ಮೆಯಾದರೂ ಎಬ್ಬಿಸಲು ನೋಡಬೇಕಾಗುತ್ತದೆ.

‘ಏಳುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ: ಫ್ಯಾನು ಕೂಡ ತಿರುಗದಿರುವುದು, ಫ್ಯಾನು ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುವುದು, ಪರದೆಯಲ್ಲಿ ಅಕ್ಷರ ಮೂಡಿದರೂ ವಿಂಡೋಸ್ ತೆರೆಯದಿರುವುದು. ಇವುಗಳಲ್ಲಿ ಯಾವುದೆಂದು ಗೊತ್ತುಮಾಡಿಕೊಳ್ಳದೆ ಫಾರ್ಮ್ಯಾಟ್ ಮಾಡಲು ಹೊರಡುವ ರಿಪೇರಿಯವರು ರೋಗಕ್ಕಿಂತ ಹೆಚ್ಚಿನ ಹಾನಿ ಮಾಡುತ್ತಾರೆ.

ಮೊದಲನೆಯ ಸ್ಥಿತಿಯಲ್ಲಿ ವಿದ್ಯುತ್ತು ಹರಿಯುವ ದಾರಿಯನ್ನೇ ಹಿಡಿದು ಹೋಗಬೇಕು. ಗೋಡೆಯ ಸಾಕೆಟ್ಟು, ಯುಪಿಎಸ್, ಪವರ್ ಕಾರ್ಡ್ ಇವುಗಳನ್ನು ಬೇರೆ ಉಪಕರಣ ಜೋಡಿಸಿ ಪರೀಕ್ಷಿಸುವುದು ಸುಲಭ. ಅರ್ಥಿಂಗ್ ವಿಷಯ ಮಾತ್ರ ಈ ಸೀಮೆಯಲ್ಲಿ ಹೆಚ್ಚಿನ ಗಮನ ಬೇಡುತ್ತದೆ. ಇಲ್ಲಿನ ಎರೆ ಮಣ್ಣು ಹಸಿಯಾಗಿರುವಾಗ ವಿದ್ಯುತ್ತನ್ನು ಚೆನ್ನಾಗಿ ಭೂಮಿಗೆ ಇಳಿಸುತ್ತದೆಯಾದರೂ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಸರಳಿನಿಂದ ದೂರ ಸರಿಯುವುದರಿಂದ ಸಂಪರ್ಕವೇ ಸಡಿಲವಾಗುತ್ತದೆ. ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಕೈ ಜುಮ್ಮೆನ್ನುವುದು ಇದರ ಸೂಚನೆಯಾಗಿರಬಹುದು. ಹಾಗಿದ್ದಲ್ಲಿ, ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ತಂತಿಯ ಜೋಡಣೆಯನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುವುದು ಲೇಸು.

ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಇಳಿಸುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎಂದು ಹೆಸರು. ಯಂತ್ರ ಆಫ್ ಆಗಿರುವಾಗಲೂ ಅದು ನೇರಳೆ ತಂತಿಯ ಮೂಲಕ ಮದರ್‌ಬೋರ್ಡಿಗೆ 5 ವೋಲ್ಟ್ ಕಳಿಸುತ್ತಲೇ ಇರುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಪವರ್ ಗುಂಡಿಯನ್ನು ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ಕಪ್ಪು ತಂತಿಯ ಮಟ್ಟಕ್ಕೆ ಇಳಿಸಿ ಉಳಿದ ವೋಲ್ಟುಗಳನ್ನು ಕರೆಯುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಬೋರ್ಡಿನಿಂದ ಬಿಡಿಸಿ, ಹಳೆಯದೊಂದು ಹಾರ್ಡ್ ಡಿಸ್ಕನ್ನೋ ಫ್ಯಾನನ್ನೋ ಲೋಡ್ ಆಗಿ ಜೋಡಿಸಿ, ಹಸಿರು ಮತ್ತು ಕಪ್ಪು ತಂತಿಗಳ ಕಿಂಡಿಗಳನ್ನು ಸಣ್ಣ ತಂತಿಯಿಂದ ಸೇರಿಸಿದಾಗ ಅದರ ಫ್ಯಾನು ತಿರುಗಿದರೆ, ಮಲ್ಟಿಮೀಟರಿನಲ್ಲಿ 12ರ ತಂತಿ 11.4ರಿಂದ 12.6ರೊಳಗೆ ಇದೆಯೇ ಎಂದು ನೋಡಬಹುದು. ಪೆಟ್ಟಿಗೆ ಸರಿಯಿದ್ದರೆ ಅನುಮಾನ ಆ ಪವರ್ ಗುಂಡಿಯತ್ತ ತಿರುಗುತ್ತದೆ. ಅದರ ಎರಡು ಪಿನ್ನುಗಳನ್ನು ಬೋರ್ಡಿನ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ತಾಗಿಸಿದರೆ ಯಂತ್ರ ಏಳುವುದುಂಟು, ಮತ್ತು ಆಗ ಇಡೀ ದೋಷ ಒಂದು ಸವೆದ ಗುಂಡಿಯದ್ದೆಂದು ತಿಳಿಯುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಉಳಿದಿರಬಲ್ಲದು.

ಎರಡನೆಯ ಸ್ಥಿತಿಯೇ ಈ ಕಸುಬಿನ ರುಚಿಕರ ಭಾಗ. ಇಲ್ಲಿ ಹೊಸ ಭಾಗ ಸೇರಿಸುವುದಕ್ಕಿಂತ ಇರುವುದನ್ನು ಕಳೆಯುತ್ತಾ ಹೋಗುವುದೇ ಸರಿಯಾದ ವಿಧಾನ. ಬೋರ್ಡು, ಪ್ರೊಸೆಸರ್, ಅದರ ಫ್ಯಾನು, ಒಂದೇ ರ್‍ಯಾಮ್ ಪಟ್ಟಿ, ಇದ್ದರೆ ಡಿಸ್‌ಪ್ಲೇ ಕಾರ್ಡು ಇಷ್ಟನ್ನು ಉಳಿಸಿ ಮಿಕ್ಕೆಲ್ಲವನ್ನೂ ಬಿಡಿಸಿದಾಗ, ಬೋರ್ಡಿನಲ್ಲಿ ಪುಟ್ಟ ಸ್ಪೀಕರ್ ಇದ್ದರೆ, ಅದು ಹೊರಡಿಸುವ ‘ಬೀಪ್’ ಸದ್ದು ಯಂತ್ರವು ತನ್ನನ್ನು ತಾನು ಪರೀಕ್ಷಿಸಿಕೊಂಡ ವರದಿಯಾಗುತ್ತದೆ. ಅವಾರ್ಡ್ ಬಯೋಸ್ ಇರುವ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಸದ್ದು ಬಂದರೆ ದೋಷ ಡಿಸ್‌ಪ್ಲೇ ಕಾರ್ಡಿನದು. ರ್‍ಯಾಮ್ ಪಟ್ಟಿಯ ಅಂಚಿನ ಸಂಪರ್ಕಗಳ ಮೇಲೆ ಕೂತ ಮಲಿನ ಪದರವನ್ನು ಮಕ್ಕಳ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವ ಉಪಾಯವನ್ನು ಕಂಡು ನಗೆಯಾಡುವವರಿದ್ದಾರೆ. ಆದರೆ ಧೂಳು ಮತ್ತು ಮಳೆಗಾಲದ ತೇವ ಎರಡನ್ನೂ ಕಂಡ ಯಂತ್ರಗಳಲ್ಲಿ ಅದು ಫಲಿಸುವುದು ಅಪರೂಪವಲ್ಲ. ಇದೇ ಹೊತ್ತಿನಲ್ಲಿ ಬೋರ್ಡಿನ ಕೆಪಾಸಿಟರುಗಳ ನೆತ್ತಿಯನ್ನೂ ಗಮನಿಸಬೇಕು. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿನ ಅನೇಕ ಕಂಪನಿಗಳ ಬೋರ್ಡುಗಳನ್ನು ಕೆಡಿಸಿದ್ದವು. ನೆತ್ತಿ ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಅಂತಹ ಕೆಪಾಸಿಟರನ್ನು ಬೆಸುಗೆ ಬಲ್ಲವರಿಂದ ಬದಲಾಯಿಸಿಕೊಳ್ಳಬೇಕು. ಗಡಿಯಾರ ಮತ್ತು ಸೆಟ್ಟಿಂಗುಗಳನ್ನು ಕಾಯುವ ಸಿಆರ್2032 ಎಂಬ 3 ವೋಲ್ಟಿನ ಸೆಲ್ಲನ್ನು ಹೇಗೂ ಬದಲಾಯಿಸಿಬಿಡುವುದು ಒಳ್ಳೆಯದು.

ಮೂರನೆಯ ಸ್ಥಿತಿಯಲ್ಲಿ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಯಂತ್ರವನ್ನು ತಕ್ಷಣ ಆಫ್ ಮಾಡಬೇಕು. ಪ್ರತಿ ಪ್ರಯತ್ನವೂ ಉಳಿದ ಮಾಹಿತಿಯನ್ನು ಅಪಾಯಕ್ಕೆ ತಳ್ಳುತ್ತದೆ. ಸದ್ದಿಲ್ಲದಿದ್ದರೆ ಡಿಸ್ಕನ್ನು ಹೊರತೆಗೆದು, ಐಡಿಇ ಅಥವಾ ಸಾಟಾ ಡಿಸ್ಕಿಗೆ ಒಪ್ಪುವ ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಆಗ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ, ಬರಹಗಳ ಫಾಂಟುಗಳನ್ನೂ ಎತ್ತಿಟ್ಟುಕೊಂಡರೆ, ಯೂನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ಒತ್ತಕ್ಷರಗಳು ತಪ್ಪಿದ್ದಾಗ ಮೂಲವನ್ನು ಪಕ್ಕದಲ್ಲೇ ತೆರೆದು ಹೋಲಿಸಲು ಸಾಧ್ಯವಾಗುತ್ತದೆ.