ಅಣ್ಣಯ್ಯ ನೋಡಿದ ಫೋಟೋ, ನಾನು ನೋಡಿದ ಅಟ್ಟ

ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಕತೆಯನ್ನು ನಾನು ಮೊದಲ ಸಲ ಓದಿದ್ದು ಬಿ.ಎ. ತರಗತಿಯಲ್ಲಿ. ನಮ್ಮ ಮೇಷ್ಟ್ರು ಅದನ್ನು ಜ್ಞಾನ ಮತ್ತು ಅಧಿಕಾರದ ಕತೆಯಾಗಿ ಪಾಠ ಮಾಡಿದ್ದರು. ಪಶ್ಚಿಮದ ವಿದ್ವಾಂಸರು ನಮ್ಮನ್ನು ಹೇಗೆ ಅಧ್ಯಯನದ ವಸ್ತು ಮಾಡಿಕೊಳ್ಳುತ್ತಾರೆ, ನಾವು ನಮ್ಮನ್ನೇ ಅವರ ಪುಸ್ತಕದಲ್ಲಿ ಹೇಗೆ ಹುಡುಕಿಕೊಳ್ಳುತ್ತೇವೆ, ಇತ್ಯಾದಿ. ಪರೀಕ್ಷೆಯಲ್ಲಿ ಹಾಗೇ ಬರೆದೆ, ಒಳ್ಳೆಯ ಅಂಕವೂ ಬಂತು. ಎರಡನೆಯ ಸಲ ಓದಿದ್ದು 2024ರ ಜನವರಿಯಲ್ಲಿ, ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ, ಐದು ಜನ ಹಂಚಿಕೊಂಡಿದ್ದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೂತು. ಆಗ ಅದರಲ್ಲಿ ಮಾನವಶಾಸ್ತ್ರ ಅಷ್ಟಾಗಿ ಕಾಣಲಿಲ್ಲ. ಮನೆಯವರು ದೂರದ ಮಗನಿಂದ ಒಂದು ಸಾವನ್ನು ಮುಚ್ಚಿಟ್ಟ ಕತೆಯಾಗಿ ಕಂಡಿತು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಮೈಸೂರಿನ ಅಣ್ಣಯ್ಯ ಓದಲು ಚಿಕಾಗೋಗೆ ಹೋಗಿದ್ದಾನೆ. ಊರಲ್ಲಿದ್ದಾಗ ಗಮನಿಸದೇ ಇದ್ದ ತನ್ನವರ ಆಚಾರ ವಿಚಾರಗಳ ಬಗ್ಗೆ ಅಲ್ಲಿನ ಲೈಬ್ರರಿಯಲ್ಲಿ ಅವನಿಗೆ ಹುಚ್ಚು ಹಿಡಿಯುತ್ತದೆ. ಅಮೆರಿಕದವರು ಹಿಂದೂಗಳ ಬಗ್ಗೆ ಬರೆದದ್ದನ್ನೆಲ್ಲ ಓದುತ್ತಾನೆ. ಕೊನೆಗೆ ಫರ್ಗ್ಯೂಸನ್ ಎಂಬಾತನ ಪುಸ್ತಕ ಕೈಗೆ ಬರುತ್ತದೆ. ಅದರ ಫೋಟೋಗಳನ್ನು ತೆಗೆದವನು ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಸುಂದರರಾಯ, ಅಣ್ಣಯ್ಯನ ನಂಟ. ಪುಟ ತಿರುಗಿಸುತ್ತ ಹೋದ ಹಾಗೆ ಮನೆ ಗುರುತು ಸಿಗುತ್ತದೆ, ಚಟ್ಟದ ಮೇಲಿನ ಮುಖ ಗುರುತು ಸಿಗುತ್ತದೆ, ತಲೆ ಬೋಳಿಸಿದ ವಿಧವೆಯ ಚಿತ್ರದಲ್ಲಿ ಅಮ್ಮ ಇದ್ದಾಳೆ. ಅಪ್ಪ ತೀರಿಕೊಂಡ ಸುದ್ದಿ ಮಗನಿಗೆ ತಲುಪಿದ್ದು ಹೀಗೆ.

ಮೇಷ್ಟ್ರು ಹೇಳಿದ್ದು ತಪ್ಪೇನಲ್ಲ. ಆದರೆ ಆ ಓದು ಫರ್ಗ್ಯೂಸನ್ನನ ಮೇಲೆ ಕಣ್ಣಿಟ್ಟಿತ್ತು. ನನಗೆ ಈಗ ಕಾಡುವುದು ಆ ಪುಸ್ತಕದಲ್ಲಿಲ್ಲದ ಒಂದು ಮಾತುಕತೆ. ಸಾವು ಆದ ದಿನ, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಮೈಸೂರಿನ ಆ ಮನೆಯಲ್ಲಿ ಯಾರೋ ಒಬ್ಬರು ಹೇಳಿರಬೇಕು: ಅವನಿಗೆ ತಿಳಿಸೋದು ಬೇಡ, ಓದು ಕೆಡುತ್ತೆ. ಉಳಿದವರು ಒಪ್ಪಿರಬೇಕು. ಆಮೇಲಿನ ಪ್ರತಿ ಕಾಗದವನ್ನೂ ಆ ಒಪ್ಪಂದ ಕಾದುಕೊಂಡಿರಬೇಕು. ರಾಮಾನುಜನ್ ಈ ದೃಶ್ಯವನ್ನು ಬರೆಯುವುದಿಲ್ಲ. ಬರೆಯಲು ಅವರಿಗೆ ದಾರಿಯೂ ಇರಲಿಲ್ಲ, ಏಕೆಂದರೆ ಕತೆ ಅಣ್ಣಯ್ಯನ ಜೊತೆಗೇ ಲೈಬ್ರರಿಯಲ್ಲಿ ಕೂತಿದೆ. ಪರದೇಶದಲ್ಲಿ ಓದುವವರ ದಿನನಿತ್ಯದ ಸ್ಥಿತಿ ಇದೇ ಅಂತ ನನಗೆ ಅನಿಸುತ್ತದೆ. ಮನೆಯ ಮುಖ್ಯವಾದ ಮಾತುಕತೆ ನಾವಿಲ್ಲದಾಗ ನಡೆದು ಮುಗಿದಿರುತ್ತದೆ, ನಮಗೆ ಬರುವುದು ಅದರ ತಿದ್ದಿದ ಪ್ರತಿ.

ಇದನ್ನು ಹೇಳುವುದಕ್ಕೆ ನನ್ನ ಅಟ್ಟದ ಕತೆಯನ್ನು ಹೇಳಲೇಬೇಕು. ನಮ್ಮದು ತುರುವೇಕೆರೆ ತಾಲ್ಲೂಕು. ಆ ಕಡೆ ತಿಪಟೂರು, ಈ ಕಡೆ ಚಿಕ್ಕನಾಯಕನಹಳ್ಳಿ, ಎಲ್ಲಿ ನೋಡಿದರೂ ತೆಂಗು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಹಿಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಉಂಡೆ ಸದ್ದು ಮಾಡಬೇಕು. ಅಷ್ಟು ತಿಂಗಳು ಕಾಯುವ ತಾಕತ್ತು ಇದ್ದವನಿಗೆ ಅಟ್ಟವೇ ಬ್ಯಾಂಕು. ತಾಕತ್ತು ಇಲ್ಲದವನು ಕಾಯನ್ನು ಕಾಯಾಗಿಯೇ ಮಾರುತ್ತಾನೆ.

ನಾನು ಎಂ.ಎ.ಗೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಸಾಲದ ಮೇಲೆ. ಆ ವರ್ಷದ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು, ಒಂಬತ್ತು ಸಾವಿರದ ಆಸುಪಾಸು. ಫೀಸಿನ ಎರಡನೇ ಕಂತು ಜನವರಿಗೆ ಕಟ್ಟಬೇಕಿತ್ತು. ಮನೆಯಿಂದ ಹಣ ಬಂತು, ನಾನು ಕಟ್ಟಿದೆ. ಹೇಗೆ ಹೊಂದಿಸಿದಿರಿ ಅಂದರೆ “ಅದೆಲ್ಲ ನಿಂಗ್ಯಾಕೆ” ಅಂತ ಅಪ್ಪ ಮಾತು ತೇಲಿಸಿದರು. ಒಂದು ಭಾನುವಾರ ಅಮ್ಮ ಹೊಸ ಕರು ತೋರಿಸಲು ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಕರುವಿನ ಹಿಂದೆ ಅಟ್ಟ ಕಾಣುತ್ತಿತ್ತು. ಅಟ್ಟದ ದಬ್ಬೆಗಳ ಸಂದಿಯಿಂದ ಬೆಳಕು ಬೀಳುತ್ತಿತ್ತು. ಕಾಯಿ ತುಂಬಿದ್ದರೆ ಅಲ್ಲಿ ಬೆಳಕು ಬೀಳುವುದಿಲ್ಲ.

“ಅಟ್ಟ ಯಾಕಮ್ಮ ಖಾಲಿ ಐತೆ?”

“ಇಲಿ ಕಾಟ ಕಣವ್ವ, ಇಳಿಸಿದೀವಿ. ನೀನು ಉಂಡ್ಯಾ?”

ಹಳೇ ಕೊಬ್ಬರಿಯನ್ನು ಬಂದ ಬೆಲೆಗೆ ಕೊಟ್ಟು, ಹೊಸ ಕಾಯನ್ನು ಅಟ್ಟಕ್ಕೆ ಏರಿಸದೆ ಹಸಿಕಾಯಿ ಲೆಕ್ಕದಲ್ಲಿ ಮಾರಿದ್ದರು ಅಂತ ನನಗೆ ಖಚಿತವಾಗಿ ಗೊತ್ತಾದದ್ದು ತಿಂಗಳುಗಳ ನಂತರ, ಚಿಕ್ಕಪ್ಪನ ಬಾಯಿಂದ. ಆ ಭಾನುವಾರದ ರಾತ್ರಿಯೇ ನಾನು ರಾಮಾನುಜನ್ ಕತೆಯನ್ನು ಮತ್ತೆ ಹುಡುಕಿ ತೆಗೆದದ್ದು. ಸಾವಿಗೂ ಖಾಲಿ ಅಟ್ಟಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಅಣ್ಣಯ್ಯ ಓದಿದ್ದು ಫೋಟೋದ ಮುಂಭಾಗವನ್ನಲ್ಲ. ಮನೆಯ ಕಿಟಕಿ, ಗೋಡೆ ಅಂತ ಹಿನ್ನೆಲೆಯಿಂದ ಸುದ್ದಿಯನ್ನು ಹೆಕ್ಕಿದ. ನಾವು ಮಾಡುವುದೂ ಅದನ್ನೇ. ಕಾಗದ ಹೋಗಿ ವಿಡಿಯೋ ಕಾಲ್ ಬಂದರೆ ಮುಚ್ಚಿಡುವುದು ಕಷ್ಟವಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಿಲ್ಲ, ಮುಖ ನೋಡಿಕೊಂಡೇ ಸುಳ್ಳು ಹೇಳುವುದನ್ನು ಎರಡೂ ಕಡೆಯವರು ಕಲಿತಿದ್ದೇವೆ. ಎರಡೂ ಕಡೆ ಅಂದೆ, ಏಕೆಂದರೆ ನಾನು ಆ ಚಳಿಗಾಲವಿಡೀ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದದ್ದು ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ. ಲೈಬ್ರರಿಯಲ್ಲಿ ಕೆಲಸ ಅಂತ ಹೇಳಿದ್ದೆ.

ಕನ್ನಡದಲ್ಲಿ ಪರದೇಶದ ಓದು ಹೊಸ ವಿಷಯವೇನಲ್ಲ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಆ ಕಡಲಯಾನ ‘ಸಮುದ್ರ ಗೀತೆಗಳು’ ಆಯಿತು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಹೊರಡುವ ಹೊತ್ತಿಗೆ ‘ಯಯಾತಿ’ ಬರೆದರು. ಅಪ್ಪನಿಗಾಗಿ ಮಗ ಯೌವನ ಒಪ್ಪಿಸುವ ಆ ವಸ್ತುವಿಗೂ, ಹೊರಡುವ ಮಗನ ಮೇಲೆ ಮನೆಯವರು ಹೇರಿದ ನಿರೀಕ್ಷೆಗಳಿಗೂ ಇರುವ ನಂಟನ್ನು ಅವರೇ ಹೇಳಿಕೊಂಡಿದ್ದಾರೆ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುವಾಗ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ನೋಡಿ, ಗುರು ಮಾಲ್ಕಮ್ ಬ್ರ್ಯಾಡ್ಬರಿ ಜೊತೆ ಮಾತಾಡಿದ ಮೇಲೆ ‘ಸಂಸ್ಕಾರ’ಕ್ಕೆ ಕೈಹಾಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾದಂಬರಿ 1965ರಲ್ಲಿ ಬಂತು, ಪಿಎಚ್.ಡಿ. 1966ರಲ್ಲಿ.

ಈ ಮೂವರಲ್ಲೂ ಒಂದು ಸಂಗತಿ ನೋಡಿ. ಗೋಕಾಕರಿಗೆ ಕಡಲು ಕಾವ್ಯವಾಯಿತು, ಕಾರ್ನಾಡರಿಗೆ ಹೊರಡುವ ಕಳವಳ ನಾಟಕವಾಯಿತು, ಅನಂತಮೂರ್ತಿ ಅಲ್ಲಿ ಕೂತು ದೂರ್ವಾಸಪುರದ ಅಗ್ರಹಾರವನ್ನು ಕಟ್ಟಿದರು. ಬರ್ಮಿಂಗ್‌ಹ್ಯಾಮಿನ ಒಂದು ಬೀದಿಯೂ ‘ಸಂಸ್ಕಾರ’ದೊಳಗೆ ಬರುವುದಿಲ್ಲ. ಬರಬೇಕಿತ್ತು ಅಂತ ನಾನು ಹೇಳುತ್ತಿಲ್ಲ, ಬಾರದಿದ್ದುದರಿಂದಲೇ ಅದು ಅಷ್ಟು ಗಟ್ಟಿಯಾಗಿದೆ. ಆದರೆ ಅಲ್ಲಿ ಬದುಕಿದ ದಿನಗಳು ಎಲ್ಲಿ ಹೋದವು? ಅವು ಆತ್ಮಕಥೆಗಳಿಗೆ ಸೇರಿದವು. ‘ಆಡಾಡತ ಆಯುಷ್ಯ’ 2011ರದ್ದು, ‘ಸುರಗಿ’ 2012ರದ್ದು. ಅರ್ಧ ಶತಮಾನ ಕಳೆದು, ಆ ಹುಡುಗ ಮುಂದೆ ಏನಾದ ಅಂತ ಗೊತ್ತಿರುವ ಕೈ ಬರೆದ ಪುಟಗಳು. ಅವುಗಳಲ್ಲಿ ಒಂಟಿತನವಿದ್ದರೂ ಅದಕ್ಕೆ ಆಗಲೇ ಅರ್ಥ ಸಿಕ್ಕಿಬಿಟ್ಟಿದೆ. ಓದು ಮುಗಿಯುತ್ತದೋ ಇಲ್ಲವೋ ಎಂಬ ಭಯ ಅಲ್ಲಿ ಉಳಿದಿರಲು ಸಾಧ್ಯವಿಲ್ಲ. ಇನ್ನೊಂದು, ಇವರಲ್ಲಿ ಕಾರ್ನಾಡ, ಅನಂತಮೂರ್ತಿ ಇಬ್ಬರೂ ಹೋದದ್ದು ವಿದ್ಯಾರ್ಥಿವೇತನದ ಮೇಲೆ. ಅವರಿಗೆ ಬಡತನ ಗೊತ್ತಿರಲಿಲ್ಲ ಅಂತಲ್ಲ. ಆದರೆ ಓದಿನ ಪ್ರತಿ ವಾರಕ್ಕೂ ಊರಿನಲ್ಲಿ ಇಷ್ಟು ಕಾಯಿ ಅಂತ ಲೆಕ್ಕ ಹಾಕಬೇಕಾದ ಪಾಡು ಬೇರೆ.

ನಮ್ಮ ಸೀಮೆಗೆ ತೀರ ಹತ್ತಿರದ ಉದಾಹರಣೆ ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968). ಭೈರಪ್ಪನವರ ಸಂತೇಶಿವರ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ್ದು, ನಮಗೆ ಪಕ್ಕದ್ದೇ. ಆ ಕಾದಂಬರಿಯ ಜನ ಮಾತಾಡುವುದು ನನ್ನ ಕಿವಿಗೆ ನಮ್ಮೂರಿನ ಜಗಲಿಯಿಂದಲೇ ಕೇಳಿಸುತ್ತದೆ. ಹಳ್ಳಿಯ ಕಾಳಿಂಗ ಕೃಷಿ ವಿಜ್ಞಾನ ಓದಲು ಅಮೆರಿಕಕ್ಕೆ ಹೋಗಿ, ಹಿಲ್ಡಾಳನ್ನು ಮದುವೆಯಾಗಿ ವಾಪಸು ಬರುತ್ತಾನೆ. ಆಮೇಲೆ ಗೋವು, ಗೋಮಾಳ, ನಂಬಿಕೆ, ಲಾಭನಷ್ಟದ ದೊಡ್ಡ ಜಗಳ. ಕಾದಂಬರಿಯ ಬಗ್ಗೆ ನಡೆದ ಚರ್ಚೆಯೆಲ್ಲ ಆ ಜಗಳದ ಸುತ್ತಲೇ ನಡೆದಿದೆ. ನನ್ನ ತಕರಾರು ಬೇರೆ. ಕಾಳಿಂಗ ಅಮೆರಿಕದಲ್ಲಿ ಕಳೆದ ವರ್ಷಗಳು ಹೆಚ್ಚಾಗಿ ಕತೆಯ ಹೊರಗೇ ಉಳಿಯುತ್ತವೆ. ನಮಗೆ ಕಾಣುವುದು ಅವುಗಳ ಫಲ ಮಾತ್ರ: ಒಂದು ಪದವಿ, ಒಬ್ಬಳು ಹೆಂಡತಿ, ಬದಲಾದ ಒಂದು ತಲೆ. ಹೋದವನು ಒಬ್ಬ, ಬಂದವನು ಇನ್ನೊಬ್ಬ. ನಡುವೆ ಯಾವ ದಿನ, ಯಾವ ಊಟದ ಹೊತ್ತಿನಲ್ಲಿ ಈ ಬದಲಾವಣೆ ಆಯಿತು ಅಂತ ತಿಳಿಯುವುದಿಲ್ಲ.

ಇದನ್ನು ದೋಷ ಅನ್ನಬಹುದು. ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. ಹಳ್ಳಿಯ ಕಣ್ಣಿಗೆ ಹೋದವನ ವರ್ಷಗಳು ನಿಜಕ್ಕೂ ಖಾಲಿಯೇ. ನಮ್ಮ ಬೀದಿಯವರಿಗೆ ನಾನು 2023ರಲ್ಲಿ ಕ್ಯಾಬ್ ಹತ್ತಿದವಳು, ಇನ್ನು ಯಾವಾಗಲೋ ಇಳಿಯುವವಳು. ಭೈರಪ್ಪ ಆ ಕಣ್ಣಿಗೆ ನಿಷ್ಠರಾಗಿದ್ದಾರೆ. ತೊಂದರೆ ಏನೆಂದರೆ, ನಡುವಿನ ದಿನಗಳು ಇಲ್ಲದೇ ಹೋದಾಗ ಕಾಳಿಂಗ ಮನುಷ್ಯನಾಗಿ ಉಳಿಯುವುದು ಕಡಿಮೆ, ಒಂದು ವಾದದ ಪ್ರತಿನಿಧಿಯಾಗುವುದು ಹೆಚ್ಚು. ಊರಿನ ಕಡೆ ಎಷ್ಟೊಂದು ದಿನಚರಿ ಇದೆ, ಅವನ ಕಡೆ ಇಲ್ಲ. ತಕ್ಕಡಿ ಮೊದಲೇ ವಾಲಿದೆ. 1977ರಲ್ಲಿ ಇದನ್ನು ಬಿ.ವಿ. ಕಾರಂತರ ಜೊತೆ ಸಿನಿಮಾ ಮಾಡಿದವರು ಕಾರ್ನಾಡರು, ತಾವೇ ಆಕ್ಸ್‌ಫರ್ಡಿನಿಂದ ಮರಳಿದವರು. ಸಿನಿಮಾ ನೋಡುವಾಗ ಆ ಖಾಲಿ ಜಾಗವನ್ನು ಅವರಾದರೂ ಮುಟ್ಟುತ್ತಾರೇನೋ ಅಂತ ಕಾದೆ.

ಹಾಗಾದರೆ ಪರದೇಶದ ದಿನನಿತ್ಯ ಕನ್ನಡಕ್ಕೆ ಬರಲೇ ಇಲ್ಲವೇ? ಬಂದಿದೆ, ಆದರೆ ವಿಚಿತ್ರವಾದ ದಾರಿಯಲ್ಲಿ. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’, ಇವೇ ನಮ್ಮ ಜನಪ್ರಿಯ ಪುಸ್ತಕಗಳು. ಎರಡನ್ನೂ ಬರೆದವರು ಇಳಿವಯಸ್ಸಿನಲ್ಲಿ ಅಲ್ಲಿಗೆ ಹೋದವರು. ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಥರದವು ವಿರಳ. ನೋಡಲು ಹೋದ ಹಿರಿಯರಿಗೆ ಬರೆಯುವ ಪುರುಸೊತ್ತೂ ಇತ್ತು, ನಗುವ ಧೈರ್ಯವೂ ಇತ್ತು. ಸಾಲದ ಕಂತು ಇರುವ ವಿದ್ಯಾರ್ಥಿಗೆ ಎರಡೂ ಇಲ್ಲ. ಜೊತೆಗೆ ನಾವು ಬರೆದರೆ ಅದು ಮನೆಯಲ್ಲಿ ಓದಿಸಿಕೊಳ್ಳುತ್ತದೆ, ಆ ಗೋದಾಮಿನ ಹಾಗೆ. (ಅಮ್ಮ ಇದನ್ನು ಓದುವುದಿಲ್ಲ. ಚಿಕ್ಕಪ್ಪ ಓದಿದರೆ ಸುಮ್ಮನಿರಲಿ.)

ಲಲಿತ ಪ್ರಬಂಧ ಇದಕ್ಕೆ ಹೇಳಿಮಾಡಿಸಿದ ಪ್ರಕಾರ ಅಂತ ನನಗೆ ಅನಿಸುವುದು ತೀ.ನಂ. ಶ್ರೀಕಂಠಯ್ಯನವರಿಂದ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ಅದೇ ತೀನಂಶ್ರೀ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು, ‘ನಂಟರು’ ಎಂಬ ಪ್ರಬಂಧಗಳ ಪುಸ್ತಕವನ್ನೂ ಕೊಟ್ಟರು. ಸಣ್ಣ ಸಂಗತಿ ಅಂತ ಅವರು ಕೈಬಿಡಲಿಲ್ಲ. ನನ್ನ ಓರಗೆಯವರು ಬರೆಯಬೇಕಾದ ಸಣ್ಣ ಸಂಗತಿಗಳಲ್ಲಿ ಹಣ ಮೊದಲನೆಯದು. ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ ಎಂಬ ವೀಸಾ ನಿಯಮ, ಅದರೊಳಗೆ ಬಾಡಿಗೆ ಹೊಂದಿಸುವ ಲೆಕ್ಕ. 2024ರ ಫೆಬ್ರವರಿಯಲ್ಲಿ ಇಲ್ಲಿ ವಿದ್ಯಾರ್ಥಿಗಳು ಕಟ್ಟುವ ಆರೋಗ್ಯ ಸರ್‌ಚಾರ್ಜು ವರ್ಷಕ್ಕೆ 470 ಪೌಂಡಿನಿಂದ 776ಕ್ಕೆ ಏರಿತು. ಸುಮಾರು 80 ಸಾವಿರ ರೂಪಾಯಿ. ಒಂಬತ್ತು ಸಾವಿರದ ದರ ಹಿಡಿದರೆ ಒಂಬತ್ತು ಕ್ವಿಂಟಲಿನ ಹತ್ತಿರ ಕೊಬ್ಬರಿ. ಈ ಗುಣಾಕಾರ ನನ್ನ ತಲೆಯಲ್ಲಿ ತಾನಾಗಿ ನಡೆಯುತ್ತದೆ. ಪಿಎಚ್.ಡಿ.ಗೆ ವಿದ್ಯಾರ್ಥಿವೇತನ ಸಿಕ್ಕ ಮೇಲೂ ನಿಂತಿಲ್ಲ. ಇಲ್ಲಿನ ಅಂಗಡಿಯಲ್ಲಿ ಒಂದು ತೆಂಗಿನಕಾಯಿಯ ಬೆಲೆ ನೋಡಿ ನಗು ಬರುತ್ತದೆ, ಕೊಳ್ಳುವುದಿಲ್ಲ.

ಇಷ್ಟು ಹೇಳಿ ರಾಮಾನುಜನ್ ಕತೆಗೆ ಮರಳಿದರೆ, ಅದರ ಕೊರತೆಯೂ ಕಾಣುತ್ತದೆ. ಅಣ್ಣಯ್ಯನ ಬಾಡಿಗೆ ಎಷ್ಟು, ಖರ್ಚಿಗೆ ಹಣ ಎಲ್ಲಿಂದ ಬಂತು, ನಮಗೆ ಗೊತ್ತಾಗುವುದಿಲ್ಲ. ಇಡೀ ಕತೆ ಆ ಕೊನೆಯ ಚಿತ್ರಕ್ಕಾಗಿಯೇ ಜೋಡಿಸಿದ್ದು. ಸುಂದರರಾಯನ ಕ್ಯಾಮೆರಾ, ಫರ್ಗ್ಯೂಸನ್ನನ ಪುಸ್ತಕ, ಅದೇ ಲೈಬ್ರರಿ: ಕಾಕತಾಳೀಯ ಸ್ವಲ್ಪ ಹೆಚ್ಚೇ ಆಯಿತು ಅಂತ ಬಿ.ಎ.ಯಲ್ಲೇ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೂ ನಡುವಿನ ವರ್ಷಗಳ ಒಳಗೆ ಕೂತು ಬರೆದ ಕತೆ ಇದು. ಅಣ್ಣಯ್ಯ ಇನ್ನೂ ಮರಳಿಲ್ಲ, ಏನೂ ಆಗಿಲ್ಲ, ಯಾರ ಪ್ರತಿನಿಧಿಯೂ ಅಲ್ಲ. ಕೈಯಲ್ಲಿ ಲೈಬ್ರರಿ ಪುಸ್ತಕ ಹಿಡಿದುಕೊಂಡಿದ್ದಾನೆ. ಕತೆ ಅವನನ್ನು ಅಲ್ಲೇ ಬಿಡುತ್ತದೆ. ಊರಿಗೆ ಫೋನು ಮಾಡಿದನೇ, ಅಮ್ಮನಿಗೆ ಗೊತ್ತಾಯಿತು ಅಂತ ಹೇಳಿದನೇ, ಅಥವಾ ಗೊತ್ತಿಲ್ಲದವನ ಹಾಗೆ ಮುಂದಿನ ಕಾಗದ ಬರೆದನೇ? ತರಗತಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಅವನು ಗೊತ್ತಿಲ್ಲದವನ ಹಾಗೆ ಬರೆದಿರುತ್ತಾನೆ ಅಂತ ನನ್ನ ಊಹೆ.

2025ರಲ್ಲಿ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ದಾಟಿತು. ಒಂದು ಸಂಜೆ ಅಪ್ಪ ತಾವಾಗಿಯೇ ವಿಡಿಯೋ ಕಾಲ್ ಮಾಡಿ ಫೋನನ್ನು ಅಟ್ಟದ ಕಡೆ ತಿರುಗಿಸಿದರು. “ನೋಡು, ತುಂಬೈತೆ” ಅಂದರು. ದಬ್ಬೆ ಸಂದಿಯಲ್ಲಿ ಬೆಳಕಿರಲಿಲ್ಲ. ಚೆನ್ನಾಗೈತೆ ಅಪ್ಪ ಅಂದೆ. ಕಾಲ್ ಮುಗಿಯುವ ಮೊದಲು ಫೋನು ಒಂದು ಗಳಿಗೆ ಬಾಗಿಲ ಕಡೆ ತಿರುಗಿತು, ಹೊರಗೆ ತೋಟದ ಅಂಚು ಕಂಡಿತು. ಮೂಲೆಯಲ್ಲಿ ಎರಡು ಮರಗಳ ಜಾಗ ಬಯಲಾಗಿತ್ತು. ನಾನು ಕೇಳಲಿಲ್ಲ. ನಿನ್ನ ಓದು ಹೇಗೆ ನಡೀತೈತೆ ಅಂತ ಅಪ್ಪ ಕೇಳಿದರು.