ದ್ರಾಕ್ಷಿತೋಟದ ರೋಗನಿದಾನದಲ್ಲಿ ಚಿತ್ರಯಂತ್ರದ ಪ್ರಾಮಾಣ್ಯ

ಕಣ್ಣಿಗೆ ಕಂಡುದು ಬೇರೆ, ಕಂಡುದರಿಂದ ಊಹಿಸಿದುದು ಬೇರೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಈ ಭೇದವನ್ನು ನ್ಯಾಯಶಾಸ್ತ್ರವು ಹೊಗೆ ಬೆಂಕಿಗಳ ದೃಷ್ಟಾಂತದಿಂದ ಎಂದೋ ಸ್ಥಾಪಿಸಿತು. ದ್ರಾಕ್ಷಿತೋಟಗಳ ಮೇಲೆ ಹಾರಾಡುತ್ತಿರುವ ಚಿತ್ರಯಂತ್ರಗಳ ವಿಷಯದಲ್ಲಿ ಅದೇ ಭೇದವನ್ನು ಮತ್ತೆ ನೆನೆಯಬೇಕಾಗಿದೆ. ಡ್ರೋನು, ವಿಮಾನ, ಉಪಗ್ರಹಗಳಿಂದ ತೆಗೆದ ಚಿತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಬಳ್ಳಿಯ ರೋಗವನ್ನು ಮನುಷ್ಯನಿಗಿಂತ ಮೊದಲೇ ಪತ್ತೆಮಾಡಬಹುದೆಂಬ ಪ್ರತಿಜ್ಞೆಯು ಕಳೆದ ಎರಡು ದಶಕಗಳಲ್ಲಿ ಬಲವಾಗಿ ಕೇಳಿಬಂದಿದೆ. ಈ ಪ್ರತಿಜ್ಞೆಯಲ್ಲಿ ಒಪ್ಪತಕ್ಕುದೆಷ್ಟು, ಬಿಡತಕ್ಕುದೆಷ್ಟು ಎಂಬುದೇ ಪ್ರಕೃತ ವಿಚಾರ.

ದೂರದಿಂದ ನೋಡಿ ಬೆಳೆಯ ರೋಗವನ್ನು ಅರಿಯುವ ಯತ್ನವು ಈಚಿನದಲ್ಲ. ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಹತ್ತಿಯ ಬೇರುಕೊಳೆ ರೋಗವನ್ನು ವಿಮಾನದಿಂದ ತೆಗೆದ ಛಾಯಾಚಿತ್ರಗಳಲ್ಲಿ ಗುರುತಿಸಿದ ವರದಿಯು 1929ರಲ್ಲಿಯೇ ಪ್ರಕಟವಾಯಿತು. 1956ರಲ್ಲಿ ಕ್ಯಾಲಿಫೋರ್ನಿಯದ ರಾಬರ್ಟ್ ಕಾಲ್ವೆಲ್ ಎಂಬ ವಿದ್ವಾಂಸನು ಧಾನ್ಯದ ಬೆಳೆಗಳ ರೋಗವನ್ನು ಅವಕೆಂಪು ಬೆಳಕಿನ ಚಿತ್ರಗಳಲ್ಲಿ ತೋರಿಸಿಕೊಟ್ಟನು. ತತ್ತ್ವವು ಅಂದಿನಿಂದ ಇಂದಿನವರೆಗೆ ಒಂದೇ. ಹಸುರೆಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಸುಮಾರು 700 ನ್ಯಾನೋಮೀಟರಿನ ಆಚೆಗೆ ಇರುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನಾದರೋ ಎಲೆಯ ಒಳರಚನೆಯು ಹೇರಳವಾಗಿ ಹಿಂದಿರುಗಿಸುತ್ತದೆ. ಪತ್ರಹರಿತ್ತು ಕುಂದಿದರೆ ಕೆಂಪಿನ ಪ್ರತಿಫಲನ ಹೆಚ್ಚುತ್ತದೆ. ಜೀವಕೋಶಗಳು ಕುಸಿದರೆ ಅವಕೆಂಪಿನ ಪ್ರತಿಫಲನ ತಗ್ಗುತ್ತದೆ. ಪತ್ರರಂಧ್ರಗಳು ಮುಚ್ಚಿಕೊಂಡರೆ ಎಲೆ ಬಿಸಿಯೇರಿ ಉಷ್ಣಚಿತ್ರದಲ್ಲಿ ಬೇರೆಯಾಗಿ ತೋರುತ್ತದೆ. ಯಂತ್ರವು ನಿಜವಾಗಿ ಅಳೆಯುವುದು ಇಷ್ಟನ್ನೇ. ರೋಗವೆಂಬ ಹೆಸರು ಅಳತೆಯಲ್ಲಿಲ್ಲ. ಅದು ಅಳತೆಯ ಮೇಲೆ ಕಟ್ಟಿದ ಅನುಮಾನ. ನೀರಿನ ಕೊರತೆ, ಪೊಟ್ಯಾಸಿಯಂ ಅಭಾವ, ಕಾಂಡಕ್ಕೆ ಬಿದ್ದ ಪೆಟ್ಟು, ಇವೂ ಎಲೆಯ ಬಣ್ಣವನ್ನು ಕೆಡಿಸುತ್ತವೆಯಾದುದರಿಂದ ಇಲ್ಲಿಯ ಹೇತುವು ತಾರ್ಕಿಕರು ಸವ್ಯಭಿಚಾರವೆಂದು ಕರೆಯುವ ವರ್ಗಕ್ಕೆ ಸೇರುತ್ತದೆ.

ಆಯುರ್ವೇದದ ಮಾಧವನಿದಾನವು ರೋಗವನ್ನರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಉಪಾಯಗಳನ್ನು ಹೇಳುತ್ತದೆ. ಗಿಡಮರಗಳಿಗೂ ಚಿಕಿತ್ಸೆಯುಂಟೆಂಬ ಭಾವನೆ ಕನ್ನಡಕ್ಕೆ ಅಪರಿಚಿತವಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. ಮೇಲ್ಕಂಡ ಐದರಲ್ಲಿ ರೂಪ, ಎಂದರೆ ವ್ಯಕ್ತವಾದ ಲಕ್ಷಣ. ಪೂರ್ವರೂಪ, ಎಂದರೆ ರೋಗ ಬಲಿಯುವ ಮುನ್ನ ತೋರುವ ಸೂಚನೆ. ನಿದಾನ, ಎಂದರೆ ಮೂಲಕಾರಣ. ಈ ಮೂರನ್ನು ಬೇರೆಬೇರೆಯಾಗಿಟ್ಟು ನೋಡಿದರೆ ಚಿತ್ರಯಂತ್ರದ ಶಕ್ತಿಯೂ ಮಿತಿಯೂ ಸ್ಪಷ್ಟವಾಗುತ್ತವೆ. ‘ಪತ್ತೆ’ ಎಂಬ ಒಂದೇ ಮಾತಿನಲ್ಲಿ ಮೂರನ್ನೂ ಅಡಗಿಸುವುದೇ ಗೊಂದಲಕ್ಕೆ ಮೂಲ.

ಮೊದಲು ರೂಪದ ವಿಷಯ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಮೂವರು 14 ಬೆಳೆಗಳ, 26 ರೋಗಗಳ 54,306 ಎಲೆಚಿತ್ರಗಳಿಂದ ಗಣಕಯಂತ್ರವನ್ನು ಪಳಗಿಸಿದರು. ದ್ರಾಕ್ಷಿಯ ರೋಗಗಳೂ ಇವುಗಳಲ್ಲಿ ಸೇರಿದ್ದವು. ಅದೇ ಸಂಗ್ರಹದಲ್ಲಿ ಮೊದಲೇ ತೆಗೆದಿರಿಸಿದ ಚಿತ್ರಗಳ ಮೇಲೆ ಯಂತ್ರವು ಶೇಕಡ 99.35ರಷ್ಟು ಸರಿಯಾದ ಉತ್ತರ ಕೊಟ್ಟಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಮುಂದಿಟ್ಟಾಗ ಅದು ಶೇಕಡ 31ರ ಸುಮಾರಿಗೆ ಇಳಿಯಿತು. ಆ ಇಳಿತವನ್ನು ಗ್ರಂಥಕರ್ತರೇ ಮರೆಮಾಚದೆ ಹೇಳಿದುದು ಶ್ಲಾಘ್ಯ. ಆದರೆ ಜನರ ಬಾಯಲ್ಲಿ ಉಳಿದುದು ಮೊದಲನೆಯ ಸಂಖ್ಯೆ. 2022ರಲ್ಲಿ ನೋಯಾನ್ ಮತ್ತು ಸಂಗಡಿಗರು ಆ ಚಿತ್ರಸಂಗ್ರಹವನ್ನೇ ಪರೀಕ್ಷೆಗೊಳಪಡಿಸಿ, ಎಲೆಯನ್ನು ಬಿಟ್ಟು ಹಿನ್ನೆಲೆಯ 8 ಚಿತ್ರಬಿಂದುಗಳನ್ನು ಮಾತ್ರ ಯಂತ್ರಕ್ಕೆ ಕೊಟ್ಟರೂ ಅದು ಶೇಕಡ 49ರಷ್ಟು ಸರಿಯುತ್ತರ ಕೊಡುವುದೆಂದು ತೋರಿಸಿದರು. ಕುರುಡು ಊಹೆಯಿಂದ ಬರತಕ್ಕುದು ಶೇಕಡ 2.6 ಮಾತ್ರ. ಹಸ್ತಪ್ರತಿಗಳೊಡನೆ ಪರಿಚಯವುಳ್ಳವರಿಗೆ ಈ ದೋಷ ಹೊಸದಾಗಿ ತೋರದು. ಕಾವ್ಯವನ್ನೋದದೆ, ಓಲೆಯ ಬಣ್ಣವನ್ನೂ ಕಟ್ಟಿದ ದಾರವನ್ನೂ ನೋಡಿ ಕವಿಯ ಹೆಸರು ಹೇಳುವವನು ಒಂದೇ ಭಂಡಾರದೊಳಗೆ ಹಲವು ಸಲ ಗೆಲ್ಲಬಹುದು. ಇನ್ನೊಂದು ಭಂಡಾರಕ್ಕೆ ಹೋದೊಡನೆ ಸೋಲುವನು.

ಪೂರ್ವರೂಪದ ವಿಷಯದಲ್ಲಿ ಫಲಿತಾಂಶ ಹೆಚ್ಚು ಗಂಭೀರವಾದುದು. ಎಲೆಸುರುಳಿ ರೋಗದ ವೈರಸ್ಸು ಬಳ್ಳಿಯನ್ನು ಹೊಕ್ಕು ಒಂದು ವರ್ಷದವರೆಗೂ ಲಕ್ಷಣ ತೋರದೆ ಇರಬಲ್ಲುದು; ಅಷ್ಟರಲ್ಲಿ ಹಿಟ್ಟುತಿಗಣೆಗಳು ಅದನ್ನು ಪಕ್ಕದ ಬಳ್ಳಿಗಳಿಗೆ ಒಯ್ದಿರುತ್ತವೆ. 2020ರಲ್ಲಿ ಕ್ಯಾಲಿಫೋರ್ನಿಯದ ಲೋಡೈ ಪ್ರದೇಶದ ತೋಟಗಳ ಮೇಲೆ ನಾಸಾ ಸಂಸ್ಥೆಯ ವರ್ಣಪಟಲಮಾಪಕವನ್ನು ಹೊತ್ತ ವಿಮಾನವು ಹಾರಿತು. ಆ ದತ್ತಾಂಶದಿಂದ ಸೋಂಕಿನ ಬಳ್ಳಿಗಳನ್ನು ಶೇಕಡ 87ರವರೆಗೆ ಸರಿಯಾಗಿ ಬೇರ್ಪಡಿಸಬಹುದೆಂದು 2023ರ ಪ್ರಬಂಧವೊಂದು ಸಾಧಿಸಿತು. ಇಲ್ಲಿ ಗಮನಿಸತಕ್ಕುದು ಒರೆಗಲ್ಲಿನ ಸ್ವರೂಪ. 2021ರಲ್ಲಿ ಲಕ್ಷಣ ತೋರಿದ ಬಳ್ಳಿಗಳು 2020ರಲ್ಲಿಯೇ ಸೋಂಕನ್ನು ಗುಪ್ತವಾಗಿ ಹೊತ್ತಿರಬೇಕೆಂದು ಎಣಿಸಲಾಯಿತು. ಎಣಿಕೆ ಯುಕ್ತವಾದುದೇ, ಆದರೂ ಯಂತ್ರದ ಅನುಮಾನವನ್ನು ಅಳೆದ ಕೋಲು ಸಹ ಒಂದು ಅನುಮಾನವೆಂಬುದನ್ನು ಮರೆಯಲಾಗದು.

ನಿದಾನದಲ್ಲಿ ಮಾತ್ರ ಚಿತ್ರಯಂತ್ರವು ತಡೆದು ನಿಲ್ಲುತ್ತದೆ. ಐರೋಪ್ಯ ತೋಟಗಳಲ್ಲಿ ಫ್ಲಾವೆಸಾನ್ಸ್ ಡೊರೇ ಎಂಬ ರೋಗವೂ ಬ್ವಾ ನ್ವಾರ್ ಎಂಬ ರೋಗವೂ ಉಂಟು. ಎರಡಕ್ಕೂ ಫೈಟೊಪ್ಲಾಸ್ಮವೆಂಬ ಸೂಕ್ಷ್ಮಜೀವಿಯೇ ಕಾರಣವಾದರೂ ಜಾತಿ ಬೇರೆ. ಎಲೆ ಮಡಚಿ ಬಣ್ಣಗೆಡುವುದು, ಚಿಗುರು ಗಟ್ಟಿಯಾಗದೆ ಜೋಲುವುದು, ಗೊಂಚಲು ಒಣಗುವುದು, ಈ ಲಕ್ಷಣಗಳು ಎರಡರಲ್ಲಿಯೂ ಸಮಾನ. ಮೊದಲನೆಯದನ್ನು ಅಮೆರಿಕದಿಂದ ಬಂದ ಜಿಗಿಹುಳುವು ಬಳ್ಳಿಯಿಂದ ಬಳ್ಳಿಗೆ ಹರಡುತ್ತದೆ. ಆದುದರಿಂದ ಸೋಂಕಿನ ಬಳ್ಳಿಯನ್ನು ಕೀಳಲೇಬೇಕೆಂಬ ಕಟ್ಟಳೆಯಿದೆ. ಫ್ರಾನ್ಸಿನಲ್ಲಿ ರೋಗವು ಶೇಕಡ 20ನ್ನು ಮೀರಿದರೆ ಆ ತೋಟದ ತುಂಡೆಲ್ಲವನ್ನೂ ಕೀಳಿಸುವರು. ಎರಡನೆಯದಾದರೋ ಕಳೆಗಿಡಗಳಿಂದ ಬಳ್ಳಿಗೆ ಬರುವುದಲ್ಲದೆ ಬಳ್ಳಿಯಿಂದ ಬಳ್ಳಿಗೆ ಹರಡದು. ರೋಗಿಯಾದ ಬಳ್ಳಿ ಚೇತರಿಸಿಕೊಳ್ಳುವುದೂ ಉಂಟು. ಒಂದೇ ಚಿತ್ರ, ಎರಡು ತೀರ್ಪು: ಒಂದರಲ್ಲಿ ಬೇರುಸಹಿತ ನಾಶ, ಇನ್ನೊಂದರಲ್ಲಿ ಕ್ಷಮೆ. ಈ ಭೇದವನ್ನು ತೀರ್ಮಾನಿಸುವುದು ಪ್ರಯೋಗಶಾಲೆಯ ಅಣುಪರೀಕ್ಷೆಯೇ ಹೊರತು ಎಲೆಯ ಬಣ್ಣವಲ್ಲ. ಬಣ್ಣದ ಸಾಕ್ಷ್ಯವೂ ಎಲ್ಲ ತಳಿಗಳಲ್ಲಿ ಸಮನಲ್ಲ. ನೈಋತ್ಯ ಫ್ರಾನ್ಸಿನಲ್ಲಿ ಡ್ರೋನುಚಿತ್ರಗಳಿಂದ ಈ ರೋಗವನ್ನು ಹುಡುಕಿದ 2017ರ ಅಧ್ಯಯನದಲ್ಲಿ, ಎಲೆ ಕೆಂಪೇರುವ ಕಪ್ಪುದ್ರಾಕ್ಷಿಯಲ್ಲಿ ದೊರೆತ ಸಫಲತೆ ಎಲೆ ಹಳದಿಯಾಗುವ ಬಿಳಿದ್ರಾಕ್ಷಿಯಲ್ಲಿ ದೊರೆಯಲಿಲ್ಲ.

ಎಲೆಯನ್ನು ಬಿಟ್ಟು ಕಾಂಡದೊಳಕ್ಕೆ ಇಳಿದ ಚಿತ್ರಣವೂ ಇದೇ ಪಾಠವನ್ನು ಹೇಳುತ್ತದೆ. ಎಸ್ಕಾ ಎಂಬ ಕಾಂಡರೋಗದಲ್ಲಿ ಎಲೆಯ ಮೇಲೆ ಹುಲಿಪಟ್ಟೆಯಂತಹ ಗುರುತುಗಳು ಒಂದು ವರ್ಷ ತೋರಿ ಮರುವರ್ಷ ಅದೇ ಬಳ್ಳಿಯಲ್ಲಿ ತೋರದಿರಬಹುದು. ಫ್ರೆಂಚ್ ವಿದ್ವಾಂಸರು ವೈದ್ಯರು ಬಳಸುವ ಎಕ್ಸ್‌ರೇ, ಕಾಂತೀಯ ಅನುರಣನ ಚಿತ್ರಗಳೆರಡನ್ನೂ ಕೂಡಿಸಿ ಕಾಂಡದೊಳಗಿನ ಸ್ವಸ್ಥ, ಕೆಟ್ಟ, ಕೊಳೆತ ಭಾಗಗಳನ್ನು ಶೇಕಡ 91ಕ್ಕೆ ಮೀರಿದ ನಿಖರತೆಯಿಂದ ವಿಂಗಡಿಸಿದರು. ಬಳ್ಳಿಯ ನಿಜಸ್ಥಿತಿಯನ್ನು ಹೇಳುವುದು ಒಳಗಿನ ಕೊಳೆತ ಹಾಗೂ ಸ್ವಸ್ಥ ಭಾಗಗಳ ಪ್ರಮಾಣವೇ ಹೊರತು ಎಲೆಯ ಲಕ್ಷಣವಷ್ಟೇ ಅಲ್ಲವೆಂದು ಅವರ ಕೆಲಸದಿಂದ ತಿಳಿದುಬಂದಿತು.

ಹಾಗಾದರೆ ಈ ಯಂತ್ರಗಳು ನಿರುಪಯುಕ್ತವೇ? ಹಾಗೆನ್ನುವುದು ಇನ್ನೊಂದು ಬಗೆಯ ಅತಿವಾದವಾದೀತು. 1868ರ ಜುಲೈ ತಿಂಗಳಲ್ಲಿ ಪ್ಲಾಂಶೊನ್ ಮೊದಲಾದವರು ದಕ್ಷಿಣ ಫ್ರಾನ್ಸಿನ ತೋಟಗಳು ಒಣಗಲು ಕಾರಣವೇನೆಂದು ಹುಡುಕಿದಾಗ, ಸತ್ತ ಬಳ್ಳಿಗಳ ಬೇರಿನಲ್ಲಿ ಏನೂ ಸಿಕ್ಕಲಿಲ್ಲ. ಇನ್ನೂ ಹಸುರಾಗಿದ್ದ ಬಳ್ಳಿಗಳ ಬೇರನ್ನು ಅಗೆದಾಗ ಫಿಲಾಕ್ಸೆರ ಹುಳು ಕಂಡಿತು. ಸತ್ತ ಬೇರನ್ನು ಬಿಟ್ಟು ಹುಳುಗಳು ಜೀವಂತ ಬೇರಿಗೆ ಸರಿದಿದ್ದುವು. ಅಗೆಯತಕ್ಕ ಸ್ಥಳ ಯಾವುದೆಂಬ ತಿಳಿವಳಿಕೆಯೇ ಅಲ್ಲಿ ಅರ್ಧ ಪರಿಹಾರವಾಯಿತು. ಚಿತ್ರಯಂತ್ರವು ಕೊಡಬಲ್ಲ ಸಹಾಯ ಇಂತಹುದೇ. ಸಾವಿರಾರು ಬಳ್ಳಿಗಳಲ್ಲಿ ಯಾವ ಹತ್ತರ ಬಳಿ ಹೋಗಿ ನಿಲ್ಲಬೇಕೆಂಬುದನ್ನು ಅದು ತೋರಿಸಬಹುದು. ತೋಟದ ಆಯುಷ್ಯವನ್ನು ಮುಗಿಸುವ ತೀರ್ಪನ್ನು ಅದಕ್ಕೆ ಒಪ್ಪಿಸಲಾಗದು.

ಕರ್ನಾಟಕದ ಮಟ್ಟಿಗೂ ಈ ವಿವೇಕ ಪ್ರಸ್ತುತ. ವಿಜಯಪುರದ ಸೀಮೆಯಲ್ಲಿ ಬಳ್ಳಿಗೆ ಚಳಿಗಾಲದ ದೀರ್ಘನಿದ್ರೆಯಿಲ್ಲ. ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಚಾಟ್ನಿ ಮಾಡುವರು. ಅಕ್ಟೋಬರಿನ ಚಾಟ್ನಿಯ ತರುವಾಯ ಮಳೆ ಬಂದರೆ ಡೌನಿ ರೋಗದ ಭಯ ಹೆಚ್ಚು. ಐರೋಪ್ಯ ಋತುಕ್ರಮದ ಚಿತ್ರಗಳಿಂದ ಪಳಗಿದ ಯಂತ್ರವು ಈ ಎಲೆಗಳನ್ನು ಸರಿಯಾಗಿ ಓದೀತೆಂದು ಪರೀಕ್ಷಿಸದೆ ನಂಬುವುದು, ಒಂದು ನಾಡಿನ ಲಿಪಿಯನ್ನು ಕಲಿತು ಇನ್ನೊಂದು ನಾಡಿನ ಶಾಸನವನ್ನು ಓದಹೊರಟಂತೆ. ಇಂತಹ ಯಂತ್ರದ ಸಾಧನೆಯನ್ನು ಹೇಳುವ ಪ್ರತಿಯೊಂದು ಸಂಖ್ಯೆಯನ್ನೂ ಯಾವ ತೋಟದ, ಯಾವ ತಳಿಯ, ಯಾವ ಋತುವಿನ ಚಿತ್ರವೆಂದೂ, ರೋಗದ ಹೆಸರನ್ನು ಮೊದಲು ಇಟ್ಟವರು ಯಾವ ಪ್ರಮಾಣದಿಂದ ಇಟ್ಟರೆಂದೂ ಕೇಳಿಯೇ ಸ್ವೀಕರಿಸತಕ್ಕುದು. ಪಾಠಶೋಧನೆಯಲ್ಲಿ ಪ್ರತಿಯ ಮೂಲವನ್ನರಿಯದೆ ಪಾಠವನ್ನು ನಿರ್ಣಯಿಸಲಾಗದು. ಎಲೆಯ ಪಾಠಕ್ಕೂ ಅದೇ ನಿಯಮ.